ಸಹಾಯ ಬೇಕು: ಹೈಬ್ರಿಡ್ ಎಸ್‌ಯುವಿ ಇಟ್ಟಿರೋರು ದಯವಿಟ್ಟು ಹೇಳಿ

ಎಲ್ಲರಿಗೂ ನಮಸ್ಕಾರ. ನಮ್ಮೂರು ಚಿಕ್ಕಬಳ್ಳಾಪುರ. ಅಪ್ಪಂಗೆ ಮಂಡಿನೋವು, ಹತ್ತಿ ಇಳಿಯೋಕೆ ಸುಲಭ ಆಗ್ಲಿ ಅಂತ ಹೋದ ವರ್ಷ ದುಬಾರಿ ಹೈಬ್ರಿಡ್ ಎಸ್‌ಯುವಿ (ಪೆಟ್ರೋಲ್ ಎಂಜಿನ್ ಜೊತೆ ದೊಡ್ಡ ಬ್ಯಾಟರಿಯಿಂದ ಓಡೋ ಮೋಟಾರೂ ಇರೋ ಗಾಡಿ) ತಗೊಂಡ್ವಿ. ಪೆಟ್ರೋಲ್ ಖರ್ಚು ನಿಜಕ್ಕೂ ಕಡಿಮೆ. ನಂದಿ ಬೆಟ್ಟ ಇಳಿಯುವಾಗ ಬ್ರೇಕಿನಿಂದಲೇ ಬ್ಯಾಟರಿ ತುಂಬೋದು ನೋಡೋಕೇ ಖುಷಿ.

ಆದ್ರೆ ಹತ್ತು ದಿನ ನಿಲ್ಲಿಸಿದ್ರೆ ಸ್ಟಾರ್ಟೇ ಆಗಲ್ಲ. ದೊಡ್ಡ ಬ್ಯಾಟರೀಲಿ ಚಾರ್ಜ್ ಇದ್ರೂ ಸಿಸ್ಟಮ್ ಆನ್ ಮಾಡೋ 12 ವೋಲ್ಟಿನ ಚಿಕ್ಕ ಬ್ಯಾಟರಿ ಇಳಿದುಹೋಗಿರುತ್ತೆ. ಇನ್ನೊಂದು, ಧೂಳು. ನಮ್ಮ ಗಾಡೀಲಿ ದೊಡ್ಡ ಬ್ಯಾಟರಿ ತಂಪು ಮಾಡೋ ಫ್ಯಾನ್ ಹಿಂದಿನ ಸೀಟಿನ ಕೆಳಗಿಂದ ಗಾಳಿ ಎಳೆಯುತ್ತೆ. ಕ್ವಾರಿ ಲಾರಿಗಳ ರಸ್ತೇಲಿ ಓಡಾಡೋ ನಮಗೆ ಆ ಗಾಳಿ ಒಳಗೆ ಹೋಗೋ ಜಾಲರಿ ತಿಂಗಳಲ್ಲೇ ಧೂಳಿಂದ ಕಟ್ಟಿಕೊಳ್ಳುತ್ತೆ. ಅಮ್ಮ ಅಲ್ಲಿ ದ್ರಾಕ್ಷಿ ಬುಟ್ಟಿ ಇಟ್ಟರಂತೂ ಗಾಳಿಗೆ ದಾರಿಯೇ ಇಲ್ಲ. ನಾವೇ ಬಿಚ್ಚಿ ತೊಳೆಯೋ ಫಿಲ್ಟರ್ ಕೊಡಬೇಕಿತ್ತು. ಪೂರ್ತಿ ಸೈಜಿನ ಸ್ಟೆಪ್ನಿನೂ ಬೇಕಿತ್ತು.

ಮಾಲೀಕರೆಲ್ಲ ಸೇರಿ ಕಂಪನಿಗೆ ಪತ್ರ ಬರೆಯೋಣ ಅಂತಿದ್ದೀನಿ. ನಿಮಗೆ ಏನೇನು ಬದಲಾವಣೆ ಬೇಕು, ಬರೀರಿ. ಚಿಕ್ಕ ಬ್ಯಾಟರಿಗೆ ಮನೇಲೇ ಚಾರ್ಜರ್ ಹಾಕೋರು ಯಾರಾದ್ರೂ ಇದ್ರೆ ಹೇಗೆ ಅಂತ ಬೇಗ ತಿಳಿಸಿ. ಮುಂದಿನ ವಾರ ಅಪ್ಪನ್ನ ಬೆಂಗಳೂರಿಗೆ ಆಸ್ಪತ್ರೆಗೆ ಕರ್ಕೊಂಡು ಹೋಗಬೇಕು.