ಕುಬಸಕ್ಕೆ ಮುಂಚೆ ಇನ್ನೊಂದು ಇಂಜೆಕ್ಷನ್ ಬೇಕಾ?

ಪ್ರಶ್ನೆ (ಜಮಖಂಡಿ): ಮೇಡಂ, ಎರಡನೇ ಬಸಿರು, ಏಳು ತಿಂಗಳು ತುಂಬಿದೆ. ಮೊದಲ ಮಗುವಿಗೆ ಎರಡು ವರ್ಷ. ಆಗ ಎರಡು ಟಿಟಿ ಆಗಿದ್ದವು. ಈ ಸಲ ಆಶಾ ಅಕ್ಕ ಒಂದೇ ಸಾಕು ಅಂತ ಐದನೇ ತಿಂಗಳಲ್ಲಿ ಹಾಕಿಸಿದರು. ಈಗ ಖಾಸಗಿ ಡಾಕ್ಟರು ಇನ್ನೊಂದು ದುಬಾರಿ ಇಂಜೆಕ್ಷನ್ ಬರೆದಿದ್ದಾರೆ. ನಮ್ಮತ್ತೆ, "ಸುಮ್ನೆ ರೊಕ್ಕ ಯಾಕ? ನಾವೇನು ಇಂಜೆಕ್ಷನ್ ಮಾಡಿಸ್ಕೊಂಡು ಹಡದೇವೇನು?" ಅಂತಾರೆ. ಮುಂದಿನ ವಾರ ಕುಬಸ, ಆಮೇಲೆ ಇಂಡಿಗೆ, ತವರಿಗೆ. ಏನು ಮಾಡಲಿ?

ಉತ್ತರ: ಆಶಾ ಅಕ್ಕ ಹೇಳಿದ್ದು ಸರಿ ಇದೆ ತಂಗಿ. ಹಿಂದಿನ ಬಸಿರಲ್ಲಿ ಎರಡೂ ಆಗಿ, ಮೂರು ವರ್ಷದೊಳಗೆ ಮತ್ತೆ ಬಸಿರಾದರೆ ಒಂದು ಬೂಸ್ಟರ್ ಸಾಕು. ಇಲ್ಲದಿದ್ದರೆ ನಾಲ್ಕು ವಾರ ಬಿಟ್ಟು ಎರಡು. ಬಾಯಿಗೆ ಟಿಟಿ ಅಂತಲೇ ಬಂದರೂ ಈಗ ಕೊಡುವುದು ಟಿಡಿ. ಧನುರ್ವಾಯು ಜೊತೆ ಗಂಟಲುಮಾರಿಗೂ ಅದು ತಡೆ.

ಡಾಕ್ಟರು ಬರೆದದ್ದು ಟಿಡ್ಯಾಪ್ ಇರಬೇಕು, ಚೀಟಿ ನೋಡಿ. ಅದರಲ್ಲಿ ನಾಯಿಕೆಮ್ಮಿನ ಲಸಿಕೆಯೂ ಇದೆ. ಕೂಸಿಗೆ ಅದರದೇ ಲಸಿಕೆ ಶುರುವಾಗುವುದು ಒಂದೂವರೆ ತಿಂಗಳಿಗೆ. ಅಲ್ಲಿಯವರೆಗೆ ಹೊಟ್ಟೆಯಲ್ಲಿದ್ದಾಗ ನಿಮ್ಮ ರಕ್ತದಿಂದ ಹೋದದ್ದೇ ಅದಕ್ಕೆ ಕಾವಲು. ಎಳೆಗೂಸಿಗೆ ನಾಯಿಕೆಮ್ಮು ಬಂದರೆ ಎಷ್ಟೋ ಸಲ ಕೆಮ್ಮೇ ಕೇಳಿಸುವುದಿಲ್ಲ. ಉಸಿರು ನಿಂತು ತುಟಿ ನೀಲಿಯಾಗುತ್ತದೆ. 27ರಿಂದ 36 ವಾರದೊಳಗೆ ಹಾಕಿಸಬೇಕು, ಪ್ರತಿ ಬಸಿರಿಗೂ. ಟಿಡಿ ಆಗಿದ್ದರೂ ಅಡ್ಡಿಯಿಲ್ಲ. ರೊಕ್ಕ ಹೊಂದದಿದ್ದರೆ ಕೊರಗಬೇಡಿ. ಕೆಮ್ಮುವವರು ಯಾರೇ ಇರಲಿ, ಬಾಣಂತಿ ಕೋಣೆಗೆ ಬಿಡಬೇಡಿ.

ಅತ್ತೆಯವರ ಮೇಲೆ ಸಿಟ್ಟಾಗಬೇಡಿ. ಅವರ ಕಾಲದಲ್ಲಿ ಕುಡಗೋಲಿನಿಂದ ಹೊಕ್ಕಳಬಳ್ಳಿ ಕೊಯ್ದು ಬೂದಿ ಹಚ್ಚಿದ ಮನೆಗಳೂ ಇದ್ದವು. ಚೆನ್ನಾಗಿ ಹಾಲು ಕುಡಿಯುತ್ತಿದ್ದ ಕೂಸು ವಾರದೊಳಗೆ ಬಾಯಿ ಬಿಗಿದು ಮೊಲೆ ಹಿಡಿಯುವುದನ್ನೇ ಬಿಡುತ್ತಿತ್ತು. ಓಣಿಯಲ್ಲಿ ಅಂಥದ್ದು ನೋಡಿದ್ದೀರಾ ಅಂತ ಅವರನ್ನೇ ಕೇಳಿ. 2015ರ ಹೊತ್ತಿಗೆ ಎಳೆಗೂಸಿನ ಆ ಧನುರ್ವಾಯು ನಮ್ಮ ದೇಶದ ಪ್ರತಿ ಜಿಲ್ಲೆಯಲ್ಲೂ ಸಾವಿರ ಹೆರಿಗೆಗೆ ಒಂದಕ್ಕಿಂತ ಕಡಿಮೆಗೆ ಇಳಿಯಿತು. ಟಿಟಿ ಇಂಜೆಕ್ಷನ್, ಆಸ್ಪತ್ರೆ ಹೆರಿಗೆ, ಎರಡೂ ಸೇರಿ ಆದದ್ದು.

ಇನ್ನೊಬ್ಬರು (ಮುಧೋಳ): ಮನೆಯವರಿಗೆ ನಾಲ್ಕು ತಿಂಗಳು. ಫ್ಲೂ ಇಂಜೆಕ್ಷನ್ ನಡೆಯುತ್ತಾ ಮೇಡಂ? ರುಬೆಲ್ಲಾದ್ದೂ ಆಗಿಲ್ಲ.

ಉತ್ತರ: ಫ್ಲೂ ಇಂಜೆಕ್ಷನ್ ಯಾವ ತಿಂಗಳಾದರೂ ನಡೆಯುತ್ತದೆ. ಮೂಗಿಗೆ ಬಿಡುವ ಲಸಿಕೆ ಮಾತ್ರ ಬೇಡ. ರುಬೆಲ್ಲಾದ್ದೂ ಈಗ ಬೇಡ, ಅದು ಜೀವಂತ ವೈರಸ್ಸಿನ ಲಸಿಕೆ. ಹೆರಿಗೆ ಆದ ಮೇಲೆ, ಹಾಲುಣಿಸುತ್ತಲೇ ಹಾಕಿಸಬಹುದು.

ಜಮಖಂಡಿ: ಇವತ್ತು ಹಾಕಿಸಿಯೇ ಬಿಟ್ಟೆ ಮೇಡಂ! ರಟ್ಟೆ ಕಲ್ಲಾಗಿದೆ. ಕುಬಸದಲ್ಲಿ ಹಸಿರು ಬಳೆ ಇಡುವಾಗ ಕೈ ಎತ್ತೋಕಾಗುತ್ತಾ?

ಉತ್ತರ: ಎರಡು ದಿನದ ನೋವು ಅಷ್ಟೇ, ತಿಕ್ಕಬೇಡಿ. ಜ್ವರ ಜಾಸ್ತಿಯಾದರೆ ಡಾಕ್ಟರಿಗೆ ತೋರಿಸಿ. ಇಂಡಿಗೆ ಹೋಗುವಾಗ ಸೀರೆ ಮರೆತರೂ ತಾಯಿ ಕಾರ್ಡ್ ಮರೆಯಬೇಡಿ. ಇವತ್ತಿನದನ್ನೂ ಅದರಲ್ಲಿ ಬರೆಸಿದ್ದೀರಿ, ಅಲ್ವಾ?