ಸೆಂಟ್ರಿಂಗಾ, ಬಾಕ್ಸಾ, ಅಚ್ಚಾ? ಪಾಯದ ಕಾಂಕ್ರೀಟಿನ ಕೆಲವು ಮಾತುಗಳು

ಎಲ್ಲರಿಗೂ ನಮಸ್ಕಾರ.

ಪಾಯದ ಗುಂಡಿಗೆ ಕಾಂಕ್ರೀಟ್ ಹಾಕುವ ಮೊದಲು ನಾಲ್ಕು ಕಡೆ ಹಲಗೆ ನಿಲ್ಲಿಸಿ ಚೌಕ ಮಾಡುತ್ತಾರಲ್ಲ, ಗಟ್ಟಿಯಾದ ಮೇಲೆ ಬಿಚ್ಚಿ ತೆಗೆಯುತ್ತಾರಲ್ಲ, ಅದಕ್ಕೆ ನಿಮ್ಮ ಊರಲ್ಲಿ ಏನಂತಾರೆ? ನನ್ನ ಮುಖ್ಯ ಪ್ರಶ್ನೆ ಇದು. ಇದರ ಬೆನ್ನಿಗೇ ಇನ್ನೂ ಎರಡಿವೆ. ಆ ಹಲಗೆಯ ಒಳಮೈಗೆ ಹೊದಿಸುವ ಪ್ಲಾಸ್ಟಿಕ್ ಹಾಳೆಯನ್ನು ಏನಂತ ಕರೆಯೋದು? ಕಾಂಕ್ರೀಟನ್ನು 'ಹಾಕಿ' ಅಂತ ಬರೆಯಬೇಕಾ, 'ಸುರಿಯಿರಿ' ಅಂತಲಾ, 'ಹುಯ್ಯಿರಿ' ಅಂತಲಾ?

ಕೇಳುವುದಕ್ಕೆ ಕಾರಣ ಇದೆ. ಹಾಸನದಲ್ಲಿ ನಮ್ಮ ಮನೆಯ ಹಿಂದಿನ ಜಾಗದಲ್ಲಿ ಮರಗೆಲಸಕ್ಕೆ ಅಂತ ಒಂದು ಶೆಡ್ಡು ಕಟ್ಟಿಸುತ್ತಿದ್ದೇನೆ. ಪಾಯದ ಕೆಲಸ ಮುಗಿದಿದೆ. ಕೆಲಸ ಹೇಗೆ ನಡೆಯಿತು ಅನ್ನುವುದನ್ನು ಚಿತ್ರದ ಜೊತೆ ಕನ್ನಡದಲ್ಲಿ ಬರೆದಿಡುತ್ತಿದ್ದೇನೆ. ಮನೆಯವರೂ ಓದಬೇಕು, ಮೇಸ್ತ್ರಿಯೂ ಓದಿ ಇದು ನಮ್ಮ ಮಾತೇ ಅನ್ನಬೇಕು. ಬರೆಯುತ್ತಾ ಹೋದಂತೆ ಒಂದು ವಿಷಯ ಮನಸ್ಸಿಗೆ ಬಂತು. ಇಲ್ಲಿ ಪದ ತಪ್ಪಾದರೆ ಕೆಲಸವೂ ತಪ್ಪಾಗುತ್ತದೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

'ಶೆಡ್ಡು' ಅಂತ ಬರೆದೆನಲ್ಲ, ಅದನ್ನು ಬೇಗ ಮುಗಿಸಿಬಿಡುತ್ತೇನೆ. 'ಕಾರ್ಯಾಗಾರ' ಅಂದರೆ ಈಗ ಭಾಷಣ, ಊಟ, ಪ್ರಮಾಣಪತ್ರ ಇರುವ ಸಭೆ. 'ಕಮ್ಮಟ' ಹಿಂದೆ ನಾಣ್ಯ ಅಚ್ಚು ಹಾಕುವ ಜಾಗವಾಗಿತ್ತು, ಈಗ ಅದು ಕಥೆ ಕವಿತೆ ಬರೆಯುವವರ ಕಡೆ ಹೋಗಿದೆ. 'ಕುಲುಮೆ' ಕಮ್ಮಾರರದ್ದು. ಉಳಿ, ಗರಗಸ, ಕೀಸುಳಿ ಇಟ್ಟುಕೊಂಡು ಕೆಲಸ ಮಾಡುವ ಮನೆ ಹಿಂದಿನ ಜಾಗಕ್ಕೆ ನಮ್ಮ ಕಡೆ ಎಲ್ಲರೂ ಅನ್ನೋದು ಶೆಡ್ಡು. ಅದನ್ನೇ ಇಟ್ಟುಕೊಂಡಿದ್ದೇನೆ.

ಇನ್ನು ಪಾಯ. ಈ ಮಾತು ನನಗೆ ತುಂಬ ಇಷ್ಟ. 'ಅಡಿಪಾಯ' ಪದವನ್ನು ಬಿಡಿಸಿ ನೋಡಿ. 'ಅಡಿ' ಅಂದರೆ ಕಾಲು, ಅಚ್ಚಕನ್ನಡ. 'ಪಾಯ' ಉತ್ತರದ ಭಾಷೆಗಳಿಂದ ಬಂದದ್ದು, ಅಲ್ಲೂ ಅದಕ್ಕೆ ಕಾಲು ಅಂತಲೇ ಅರ್ಥ. ಇಂಗ್ಲಿಷಿನ 'ಫುಟಿಂಗ್' ಕೂಡ ಕಾಲಿನಿಂದಲೇ ಹುಟ್ಟಿದ್ದು. ಮೂರು ಕಡೆಯ ಜನಕ್ಕೂ ಮನೆ ಅಂದರೆ ಕಾಲೂರಿ ನಿಂತ ವಸ್ತು. ಆದರೆ ಬಳಕೆಯಲ್ಲಿ ಪಾಯ ಮತ್ತು ಫುಟಿಂಗ್ ಒಂದೇ ಅಲ್ಲ. ನಮ್ಮಲ್ಲಿ ಪಾಯ ಅಂದರೆ ನೆಲದೊಳಗಿನ ಅಷ್ಟೂ ಕೆಲಸ. ಸೈಜುಗಲ್ಲು ಕಟ್ಟಿದರೂ ಪಾಯ, ಪಿಲ್ಲರ್ ಎಬ್ಬಿಸಿದರೂ ಪಾಯ. 'ಪಾಯ ತೆಗೆ' ಅಂದರೆ ಅಗೆ, 'ಪಾಯ ಹಾಕು' ಅಂದರೆ ಕಟ್ಟು. ಫುಟಿಂಗ್ ಅಂದರೆ ಕಂಬದ ಭಾರವನ್ನು ಮಣ್ಣಿನ ಮೇಲೆ ಹರಡುವ ತಳದ ಅಗಲ ಭಾಗ ಮಾತ್ರ. ಮೇಸ್ತ್ರಿಗಳು 'ಫುಟಿಂಗ್' ಅಂತಲೇ ಅನ್ನುತ್ತಾರೆ, ನಾನೂ ಹಾಗೇ ಬಿಟ್ಟಿದ್ದೇನೆ. ಇದಕ್ಕೆ ಹೊಸ ಪದ ಕಟ್ಟಿಕೊಡಿ ಅಂತ ಕೇಳುತ್ತಿಲ್ಲ.

ಈಗ ಮುಖ್ಯ ಪ್ರಶ್ನೆಗೆ ಬರುತ್ತೇನೆ. ಹಲಗೆಯ ಚೌಕಕ್ಕೆ ನಮ್ಮ ಜಿಲ್ಲೆಯಲ್ಲಿ ನನ್ನ ಕಿವಿಗೆ ಬಿದ್ದ ಮಾತುಗಳು ಸೆಂಟ್ರಿಂಗ್, ಬಾಕ್ಸು, ಮೋಲ್ಡು. ಇವುಗಳಲ್ಲಿ ಒಂದೂ ಸರಿಯಾಗಿ ಕೂರುತ್ತಿಲ್ಲ.

'ಸೆಂಟ್ರಿಂಗ್' ಎಲ್ಲರಿಗೂ ಗೊತ್ತು. ಕಲ್ಲಿನ ಕಮಾನು ಕಟ್ಟುವಾಗ ಕೀಲುಗಲ್ಲು ಕೂರುವ ತನಕ ಕೆಳಗಿನಿಂದ ಹೊತ್ತು ನಿಲ್ಲುವ ಮರದ ಚೌಕಟ್ಟಿಗೆ ಇಂಗ್ಲಿಷಿನಲ್ಲಿ ಈ ಹೆಸರು. ನಮ್ಮಲ್ಲಿ ಅದು ತಾರಸಿಗೆ ಬಂತು. ಈಗ ನೀಲಗಿರಿ ಗಳ, ಜಾಕಿ, ತಗಡಿನ ಶೀಟು, ಹಲಗೆ ಎಲ್ಲ ಸೇರಿ ಸೆಂಟ್ರಿಂಗ್. ಕೆಲಸ ಮಾಡುವವರು 'ಸೆಂಟ್ರಿಂಗ್‌ನವರು', ಗಾರೆಯವರಿಂದ ಬೇರೆಯೇ ಗುಂಪು. ಒಂದೂವರೆ ಅಡಿ ಎತ್ತರದ ನಾಲ್ಕು ಹಲಗೆಗೂ ಇದೇ ಹೆಸರು ಅಂದರೆ ಓದುವವರ ಕಣ್ಣ ಮುಂದೆ ಗಳಗಳ ಕಾಡೇ ಬರುತ್ತದೆ. ಅಷ್ಟಕ್ಕೆಲ್ಲ ಸೆಂಟ್ರಿಂಗ್‌ನವರನ್ನು ಕರೆಸಬೇಕಾ ಅಂತ ಹೆದರುತ್ತಾರೆ. ಸಿಲ್ವರ್ ಓಕ್ ಹಲಗೆ, ನಾಲ್ಕು ಗೂಟ, ಮೊಳೆ, ಸುತ್ತಿಗೆ ಇದ್ದರೆ ಸಾಕಾಗುವ ಕೆಲಸ ಅದು. ಕಾಫಿ ತೋಟಗಳಿಂದಾಗಿ ನಮ್ಮ ಕಡೆ ಸಿಲ್ವರ್ ಓಕ್‌ಗೆ ಬರವಿಲ್ಲ. ಈ ಕೆಲಸಕ್ಕೆ ಅದು ಧಾರಾಳ ಸಾಕು.

'ಮೋಲ್ಡು' ಇನ್ನೂ ಸೋಜಿಗ. ಮೂಲದಲ್ಲಿ ಅದರ ಅರ್ಥ ಅಚ್ಚು. ನಮ್ಮಲ್ಲಿ ಅಚ್ಚು ಬಿಟ್ಟು ಅಚ್ಚಿನಿಂದ ಬಂದ ವಸ್ತುವಿಗೇ ಆ ಹೆಸರು ನಿಂತಿದೆ. 'ಅವರ ಮನೆಗೆ ಮೋಲ್ಡ್ ಹಾಕಿದ್ರು' ಅಂದರೆ ತಾರಸಿಯ ಕಾಂಕ್ರೀಟ್ ಮುಗಿಯಿತು ಅಂತ. 'ಮೋಲ್ಡ್ ಮನೆ' ಅಂದರೆ ಹೆಂಚಿನದಲ್ಲ, ತಾರಸಿಯದು. ಹೀಗಿರುವಾಗ ಪಾಯದ ಗುಂಡಿಯಲ್ಲಿ 'ಮೋಲ್ಡ್ ಕಟ್ಟಿ' ಅಂತ ಬರೆದರೆ ಯಾರಿಗೆ ಅರ್ಥವಾಗುತ್ತೆ ಹೇಳಿ.

ಹಾಗಾದರೆ ಅಚ್ಚು ಅಂತಲೇ ಬರೆಯಬಹುದಲ್ಲ ಅನ್ನಬಹುದು. ನಾನೂ ಮೊದಲು ಅದರ ಕಡೆಗೇ ಇದ್ದೆ. ಇಟ್ಟಿಗೆಯ ಅಚ್ಚು, ಅಚ್ಚುಬೆಲ್ಲ, ಎಷ್ಟು ಚೆನ್ನಾದ ಮಾತು. ಆದರೆ ಯೋಚಿಸಿ ನೋಡಿ. ಅಚ್ಚಿಗೆ ಹಾಕಿದ ವಸ್ತು ಅಚ್ಚಿನಿಂದ ಎದ್ದು ಬರುತ್ತದೆ. ಬೆಲ್ಲವನ್ನು ಕೊಡವಿ ತೆಗೆಯುತ್ತಾರೆ, ಇಟ್ಟಿಗೆಯನ್ನು ಸಾಲಾಗಿ ಜೋಡಿಸುತ್ತಾರೆ. ಫುಟಿಂಗ್ ಎಲ್ಲೂ ಹೋಗುವುದಿಲ್ಲ, ಹಾಕಿದಲ್ಲೇ ನಿಲ್ಲುತ್ತದೆ. ಎದ್ದು ಬರುವುದು ಹಲಗೆ. ಅಚ್ಚು ಅಂದರೆ ಒಂದೇ ಅಳತೆಯದನ್ನು ಮತ್ತೆ ಮತ್ತೆ ತೆಗೆಯುವುದು ಅನ್ನುವ ಭಾವವೂ ಇದೆ. ಪಾಯದಲ್ಲಿ ಒಂದೊಂದು ಗುಂಡಿಯದು ಒಂದೊಂದು ಅಳತೆ ಆಗಬಹುದು.

ಉಳಿದದ್ದು ಬಾಕ್ಸು. 'ಕಾಲಂ ಬಾಕ್ಸ್', ಅಂದರೆ ಕಂಬದ ಬಾಕ್ಸ್, ಅನ್ನುವ ಮಾತು ಗಟ್ಟಿಯಾಗಿ ಬಳಕೆಯಲ್ಲಿದೆ. 'ಬಾಕ್ಸ್ ಹೊಡೀರಿ' ಅಂದರೆ ಯಾವ ಮೇಸ್ತ್ರಿಯೂ ತಿರುಗಿ ಕೇಳುವುದಿಲ್ಲ. ಒಂದೇ ತೊಡಕು ಅಂದರೆ ಮರಳು, ಜಲ್ಲಿ ಅಳೆಯುವುದಕ್ಕೂ ಒಂದು ಬಾಕ್ಸ್ ಇರುತ್ತದೆ. 50 ಕೆಜಿ ಮೂಟೆ ಸಿಮೆಂಟ್ ಸುಮಾರು ಒಂದೂಕಾಲು ಘನ ಅಡಿ ಬರುತ್ತದೆ. ಆ ಅಳತೆಗೆ ಮರದ ಡಬ್ಬ ಮಾಡಿಕೊಂಡರೆ ಒಂದು-ಎರಡು-ನಾಲ್ಕರ ಮಾಲಿಗೆ ಮೂಟೆಗೆ ಎರಡು ಡಬ್ಬ ಮರಳು, ನಾಲ್ಕು ಡಬ್ಬ ಜಲ್ಲಿ. ಕಬ್ಬಿಣ ಕಟ್ಟಿದ ಫುಟಿಂಗಿಗೆ ಒಂದು-ಒಂದೂವರೆ-ಮೂರು. ಅದಕ್ಕೇ ಅಳೆಯುವುದನ್ನು 'ಅಳತೆ ಡಬ್ಬ' ಅಂತಲೂ ಹಲಗೆಯ ಚೌಕವನ್ನು 'ಬಾಕ್ಸು' ಅಂತಲೂ ಸದ್ಯಕ್ಕೆ ಬರೆದಿದ್ದೇನೆ. ಇದಕ್ಕಿಂತ ಒಳ್ಳೆಯದು, ಊರ ಜನ ನಿಜವಾಗಿ ಆಡುವ ಮಾತು ನಿಮ್ಮ ಹತ್ತಿರ ಇದ್ದರೆ ಕೊಡಿ.

ಇನ್ನು ಪ್ಲಾಸ್ಟಿಕ್. ಒಣ ಹಲಗೆ ಕಾಂಕ್ರೀಟಿನ ನೀರು ಹೀರುತ್ತದೆ. ಹಲಗೆಯ ಸಂದಿಯಲ್ಲಿ ಸಿಮೆಂಟ್ ಹಾಲು ಸೋರುತ್ತದೆ. 'ಹಾಲು' ಅನ್ನುವ ಮಾತು ನೋಡಿ, ಎಷ್ಟು ಸರಿಯಾಗಿದೆ. ಸಿಮೆಂಟು, ನೀರು, ನಯ ಮರಳು ಸೇರಿದ ಆ ತೆಳು ಬಗ್ಗಡದಲ್ಲೇ ಕಾಂಕ್ರೀಟಿನ ಜೀವ ಇರುವುದು. ಅದು ಸೋರಿಹೋದ ಕಡೆ ಜಲ್ಲಿ ಬರೀ ಜಲ್ಲಿಯಾಗಿ ಉಳಿಯುತ್ತದೆ, ಮಧ್ಯೆ ತೂತು ಬೀಳುತ್ತದೆ. ಆ ತೂತಿನಿಂದ ನೀರು ನುಗ್ಗಿ ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ. ಸಕಲೇಶಪುರ, ಮೂಡಿಗೆರೆ ಕಡೆಯ ಮಳೆಗೆ ಇದು ಸಣ್ಣ ವಿಷಯವಲ್ಲ. ಹಲಗೆಗೆ ಹಳೇ ಆಯಿಲ್ ಬಳಿಯುವುದು ರೂಢಿ. ಆದರೆ ಆಯಿಲ್ ಸಂದಿ ಮುಚ್ಚುವುದಿಲ್ಲ. ಪ್ಲಾಸ್ಟಿಕ್ ಹೊದಿಸಿದರೆ ಹಾಲು ಒಳಗೇ ಉಳಿಯುತ್ತದೆ. ಹಲಗೆ ಕಾಂಕ್ರೀಟಿಗೆ ಅಂಟದೆ ಶುಭ್ರವಾಗಿ ಕೈಗೆ ಬರುತ್ತದೆ, ನಾಳೆ ಕಪಾಟಿಗೂ ಬಳಸಬಹುದು.

ನಮ್ಮ ಶೆಡ್ಡಿನ ಫುಟಿಂಗಿನ ಹಲಗೆಗಳನ್ನು ಬಿಚ್ಚಿದಾಗ ಪಕ್ಕದ ಮೈ ಕನ್ನಡಿಯಂತೆ ಹೊಳೆಯುತ್ತಿತ್ತು. ಎಲ್ಲೂ ಜಲ್ಲಿ ಕಾಣುತ್ತಿರಲಿಲ್ಲ. ಮೂಲೆಗಳಲ್ಲಿ ಮಾತ್ರ ಪ್ಲಾಸ್ಟಿಕ್ ನೆರಿಗೆ ಬಿದ್ದಲ್ಲಿ ಅದೇ ನೆರಿಗೆ ಸಣ್ಣ ಗೆರೆಯಾಗಿ ಕಾಂಕ್ರೀಟಿನ ಮೇಲೆ ಮೂಡಿತ್ತು, ಉಗುರು ಹಾಕಿದರೆ ಸಿಗುವಷ್ಟು. ಮಣ್ಣಿನೊಳಗೆ ಹೋಗುವುದಕ್ಕೆ ಅದರಿಂದ ತೊಂದರೆಯಿಲ್ಲ. ಆದರೆ ನೆರಿಗೆ ಆಳವಾಗಿ ಒಳಗೆ ಮಡಚಿಕೊಂಡರೆ ಅಲ್ಲಿ ಸಂದು ಉಳಿಯುತ್ತದೆ. ಹಾಗಾಗಿ ಹಾಳೆಯನ್ನು ಬಿಗಿಯಾಗಿ ಎಳೆದು ಹಲಗೆಯ ಹೊರಗಡೆಗೆ ಮಡಚಿ ಮೊಳೆ ಹೊಡೆಯಬೇಕು.

ಒಳಮೈಗೆ ಹೊದಿಸುವ ಈ ಹಾಳೆಗೆ ನಾನು 'ಅಸ್ತರು' ಅಂತ ಬರೆದಿದ್ದೇನೆ. ಟೈಲರು ಕೋಟಿನ, ರವಿಕೆಯ ಒಳಗೆ ಕೊಡುವ ಬಟ್ಟೆಗೆ ಇರುವ ಹೆಸರೇ. 'ಪ್ಲಾಸ್ಟಿಕ್ ಅಸ್ತರು ಕೊಟ್ಟ ಬಾಕ್ಸು.' ನಮ್ಮ ಮೇಸ್ತ್ರಿಗೆ ಓದಿ ಹೇಳಿದೆ, ಒಂದೇ ಸಲಕ್ಕೆ ಅರ್ಥವಾಯಿತು. ಅವರು ಮಾತ್ರ 'ಕವರ್ ಹಾಸೋದು' ಅನ್ನುತ್ತಾರೆ. 'ಕವರ್' ನಾನು ಬೇಕಂತಲೇ ಬಿಟ್ಟೆ. ಕಬ್ಬಿಣಕ್ಕೂ ಹಲಗೆಗೂ ನಡುವೆ ಬಿಡುವ ಅಂತರಕ್ಕೂ 'ಕವರ್' ಅಂತಲೇ ಹೆಸರು, ಫುಟಿಂಗಿನಲ್ಲಿ ಅದು 50 ಮಿಲಿಮೀಟರ್, ಅಂದರೆ ಎರಡು ಇಂಚು. ಕೆಳಗೆ ಕಬ್ಬಿಣವನ್ನು ಎತ್ತಿ ಹಿಡಿಯುವ ಕವರ್ ಬಿಲ್ಲೆ ಇಡಿ ಅನ್ನುವುದಕ್ಕೂ ಕವರ್ ಹಾಸಿ ಅನ್ನುವುದಕ್ಕೂ ಗೊಂದಲವಾದರೆ ಕಬ್ಬಿಣ ಪ್ಲಾಸ್ಟಿಕ್ ಮೇಲೇ ಮಲಗಿಬಿಡುತ್ತದೆ. ಹಾಗಾಗಬಾರದು.

ಕೊನೆಗೆ ಕ್ರಿಯಾಪದ. ನನಗೆ ಇದೂ ಅಷ್ಟೇ ಮುಖ್ಯ.

ಪುಸ್ತಕದ ಕನ್ನಡದಲ್ಲಿ 'ಕಾಂಕ್ರೀಟ್ ಸುರಿಯಿರಿ' ಅಂತ ಇರುತ್ತದೆ. ಸುರಿ ಅಂದರೆ ಮೇಲಿನಿಂದ ಒಂದೇ ಸಮ ಬಿಡುವುದು. ಮೇಲಿನಿಂದ ಬಿಟ್ಟರೆ ಭಾರದ ಜಲ್ಲಿ ಒಂದು ಕಡೆ, ಹಾಲು ಒಂದು ಕಡೆ ಆಗುತ್ತದೆ. ಕಾಂಕ್ರೀಟ್ ಕೆಲಸದ ಭಾರತೀಯ ಮಾನಕ ಐಎಸ್ 456, 2000ರ ಆವೃತ್ತಿ, ಒಂದೂವರೆ ಮೀಟರಿಗಿಂತ, ಅಂದರೆ ಸುಮಾರು ಐದು ಅಡಿಗಿಂತ ಎತ್ತರದಿಂದ ಕಾಂಕ್ರೀಟ್ ಬೀಳಿಸಬಾರದು ಅನ್ನುತ್ತದೆ. 'ಸುರಿ' ಅನ್ನುವ ಮಾತೇ ಕೈಗೆ ತಪ್ಪು ಪಾಠ ಹೇಳಿಕೊಡುತ್ತದೆ.

'ಹುಯ್ಯಿ' ನಮ್ಮ ಕಡೆಯ ಮುದ್ದಾದ ಮಾತು. ನೀರು ಹುಯ್ಯಿ, ದೋಸೆ ಹುಯ್ಯಿ, ಮಳೆ ಹುಯ್ತಾ ಇದೆ. ಬರಹದಲ್ಲಿ 'ಹೊಯ್'. ಇದೇ ಹೊಯ್‌ಗೆ ಹೊಡೆ ಅನ್ನುವ ಅರ್ಥವೂ ಇದೆ. ಮೂಡಿಗೆರೆ ತಾಲ್ಲೂಕಿನ ಅಂಗಡಿ ಅನ್ನುವ ಊರಲ್ಲಿ ಗುರು 'ಪೊಯ್ ಸಳ', ಅಂದರೆ ಹೊಡಿ ಸಳ, ಅಂದದ್ದಕ್ಕೆ ಸಳ ಹುಲಿಯನ್ನು ಹೊಡೆದ ಅನ್ನುವ ಐತಿಹ್ಯ ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆಯ ಮಕ್ಕಳಿಗೂ ಗೊತ್ತು. ಹೊಯ್ದು ಕುಟ್ಟುವ ಕೆಲಸಕ್ಕೆ ಎರಡೂ ಅರ್ಥ ಇರುವ ಪದ ಸಿಕ್ಕಿತಲ್ಲ ಅಂತ ನನಗೆ ತುಂಬ ಖುಷಿಯಾಯಿತು. ಆದರೂ ಬಳಸಲಿಲ್ಲ. ಇವತ್ತಿನ ಕಿವಿಗೆ ಹುಯ್ಯಿ ಅಂದರೆ ತೆಳುವಾದದ್ದು, ಹರಿಯುವಂಥದ್ದು. ಕಾಂಕ್ರೀಟ್ ಹುಯ್ಯುವಂತಿರಬೇಕು ಅಂದುಕೊಂಡರೆ ನೀರು ಜಾಸ್ತಿ ಮಾಡುತ್ತಾರೆ. ಮೂಟೆಗೆ 25 ಲೀಟರ್ ಆಸುಪಾಸಿನಲ್ಲಿ ನಿಲ್ಲಬೇಕಾದ ನೀರು ಕೊಡಗಟ್ಟಲೆ ಏರುತ್ತದೆ, ಕಾಂಕ್ರೀಟಿನ ಬಲ ಇಳಿಯುತ್ತದೆ.

ಮೇಸ್ತ್ರಿಗಳು ಅನ್ನುವುದು ಬರೀ 'ಹಾಕು'. ಬಾಂಡ್ಲಿಯಲ್ಲಿ ತಂದು, ಬಗ್ಗಿ, ಇರಬೇಕಾದ ಜಾಗದಲ್ಲೇ ಹಾಕು. ಆಮೇಲೆ ಸರಳಿನಿಂದ ಕುಟ್ಟು. ಸಾದಾ ಮಾತು, ಆದರೆ ಕೆಲಸಕ್ಕೆ ಅದೇ ಸರಿ. 'ಹಾಕಿ, ಕುಟ್ಟಿ' ಅಂತಲೇ ಬರೆದಿದ್ದೇನೆ.

ಇದೇ ಕಾರಣಕ್ಕೆ ಇನ್ನೊಂದು ಮಾತಿನ ಬಗ್ಗೆ ನನಗೆ ನಿಜವಾಗಿ ಕಳವಳ ಇದೆ. 'ಕಾಂಕ್ರೀಟ್ ಒಣಗಲಿ' ಅನ್ನುವುದು. ಓದಿದವರೂ ಅನ್ನುತ್ತಾರೆ, ಪತ್ರಿಕೆಯವರೂ ಬರೆಯುತ್ತಾರೆ. ಕಾಂಕ್ರೀಟ್ ಒಣಗಿ ಗಟ್ಟಿಯಾಗುವುದಿಲ್ಲ. ಸಿಮೆಂಟು ನೀರಿನ ಜೊತೆ ಸೇರಿ ಬೇರೆಯೇ ವಸ್ತುವಾಗಿ ಗಟ್ಟಿಯಾಗುತ್ತದೆ. ನೀರಿನೊಳಗೆ ಮುಳುಗಿದ್ದರೂ ಗಟ್ಟಿಯಾಗುತ್ತದೆ. ಬೇಗ ಒಣಗಿದರೆ ಆ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಒಣಗಲಿ ಅಂದವರು ಸುಮ್ನೆ ಬಿಸಿಲಿಗೆ ಬಿಟ್ಟುಬಿಡುತ್ತಾರೆ. 'ಸೆಟ್ ಆಗಲಿ' ಅಥವಾ 'ಗಟ್ಟಿಯಾಗಲಿ' ಅಂದರೆ ಆ ತೊಂದರೆ ಇಲ್ಲ. ಕಾಂಕ್ರೀಟನ್ನು ಕೆಲವು ದಿನ ತೇವವಾಗಿ ಇಡುವ ಕ್ಯೂರಿಂಗಿಗೆ ನಮ್ಮಲ್ಲಿ 'ನೀರು ಹೊಡೆಯೋದು' ಅಂತಾರೆ. ಅದೂ ಅರ್ಧ ಅರ್ಥ. ಬೆಳಿಗ್ಗೆ ಸಂಜೆ ಪೈಪ್ ಹಿಡಿದರೆ ಮುಗೀತು ಅನ್ನಿಸುತ್ತದೆ. ಬೇಕಾಗಿರುವುದು ತೇವ ಆರದಂತೆ ಇಡುವುದು. ಸಾಮಾನ್ಯ ಸಿಮೆಂಟಿಗೆ ಕನಿಷ್ಠ 7 ದಿನ, ಹಾರುಬೂದಿ ಬೆರೆತ ಸಿಮೆಂಟಿಗೆ ಕನಿಷ್ಠ 10 ದಿನ. ಅಸ್ತರಿನ ಮಿಕ್ಕ ಅಂಚನ್ನು ಮೇಲಕ್ಕೆ ಮಡಚಿ ಫುಟಿಂಗಿನ ತಲೆ ಮುಚ್ಚಿದರೆ ತೇವ ನಿಲ್ಲುತ್ತದೆ. ಅರಸೀಕೆರೆ, ಕಡೂರು ಕಡೆಯ ಬಿಸಿಲಿನಲ್ಲಿ ಇದು ಬಹಳ ಉಪಯೋಗ. 'ನೆನೆಸಿಡು' ಅಂತ ಬರೆದರೆ ಸರಿಹೋಗುತ್ತಾ? ಅಕ್ಕಿ, ಬೇಳೆ ನೆನೆಸಿಡುವುದು ಎಲ್ಲರಿಗೂ ಗೊತ್ತಿರುವ ಮಾತು, ಅಲ್ವಾ?

ಬಾಕ್ಸು, ಅಸ್ತರು, ನೆನೆಸಿಡು, ಈ ಮೂರರ ಬಗ್ಗೆ ನಿಮ್ಮ ಅಭಿಪ್ರಾಯ ಬೇಕು. ಆಲೂರು, ಅರಕಲಗೂಡು, ಕೊಪ್ಪ, ಶೃಂಗೇರಿ, ತರೀಕೆರೆ ಕಡೆಯವರು ಯಾರಾದರೂ ಇದ್ದರೆ ದಯವಿಟ್ಟು ನಿಮ್ಮೂರಿನ ಗಾರೆ ಕೆಲಸದವರನ್ನೇ ಕೇಳಿ. ಹಲಗೆ ಹೊಡೆಯುವಾಗ, ಬಿಚ್ಚುವಾಗ, ಹಾಲು ಸೋರಿದಾಗ ಅವರ ಬಾಯಲ್ಲಿ ಏನು ಬರುತ್ತದೋ ಹಾಗೇ ಬರೆದು ಕಳಿಸಿ, ತಿದ್ದಬೇಡಿ. ಯಾವ ತಾಲ್ಲೂಕಿನ ಮಾತು ಅನ್ನುವುದನ್ನೂ ಸೇರಿಸಿ.