ತೀರ್ಪು ಹೇಳದ ಕೋರ್ಟ್ ಸಿನಿಮಾ ‘ಸೇಂಟ್ ಓಮರ್’: ನಿಮಗೇನನ್ನಿಸಿತು?

ಕೊನೆಸಾಲು: ಫ್ರೆಂಚ್ ನಿರ್ದೇಶಕಿ ಆಲಿಸ್ ಡಿಯೋಪ್ ಅವರ ಮೊದಲ ಕಥಾಚಿತ್ರ ‘ಸೇಂಟ್ ಓಮರ್’ ನಿನ್ನೆ ನೋಡಿದೆ. 2022ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಗ್ರ್ಯಾಂಡ್ ಜ್ಯೂರಿ ಪ್ರಶಸ್ತಿ, ಆಮೇಲೆ ಫ್ರಾನ್ಸಿನಲ್ಲೇ ಮೊದಲ ಚಿತ್ರಕ್ಕೆ ಕೊಡುವ ಸೆಸಾರ್ ಪ್ರಶಸ್ತಿ. ವಿಮರ್ಶಕರು ಹೊಗಳಿದ್ದೇ ಹೊಗಳಿದ್ದು. ನನಗೆ ಮಾತ್ರ ಒಳಗಿಳಿಯಲಿಲ್ಲ. ಸೆನೆಗಲ್‌ನಿಂದ ಫ್ರಾನ್ಸಿಗೆ ಬಂದ ಲಾರೆನ್ಸ್ 15 ತಿಂಗಳ ಮಗಳನ್ನು ಕಡಲ ದಡದಲ್ಲಿ ಬಿಟ್ಟು ಬಂದಿದ್ದಾಳೆ. ಮಗು ಸತ್ತಿದೆ. ಅದರ ವಿಚಾರಣೆ. ಎರಡು ಗಂಟೆ ಬರೀ ಮಾತು, ಕ್ಯಾಮೆರಾ ಅಲ್ಲಾಡುವುದೇ ಅಪರೂಪ. ಕೊನೆಗೆ ತೀರ್ಪೂ ಇಲ್ಲ!

ಕಡಲತಡಿ: ಆ ಅಲ್ಲಾಡದ ಕ್ಯಾಮೆರಾನೇ ನನ್ನನ್ನು ಹಿಡಿದು ಕೂರಿಸಿತು. ಕಟಕಟೆ ಹಿಂದೆ ಕಂದು ಮರದ ಹಲಗೆ, ಲಾರೆನ್ಸ್ ಹಾಕಿರುವುದೂ ಕಂದು ಬಟ್ಟೆ. ಗೋಡೆಯಲ್ಲೇ ಕರಗಿಹೋದಂತೆ ಕಾಣುತ್ತಾಳೆ. ಮಗಳನ್ನು ಯಾಕೆ ಕೊಂದೆ ಅಂತ ನ್ಯಾಯಾಧೀಶೆ ಕೇಳಿದರೆ, ಗೊತ್ತಿಲ್ಲ, ಈ ವಿಚಾರಣೆಯಿಂದಾದರೂ ಗೊತ್ತಾಗಲಿ ಅನ್ನುತ್ತಾಳೆ. ಆ ಮುಖ ಮರೆಯೋಕೆ ಆಗುತ್ತಿಲ್ಲ.

ಕೊನೆಸಾಲು: ಮಾತುಗಳು ನಿಜವಾದ ಕೇಸಿನ ದಾಖಲೆಯಿಂದ ಬಂದವು ಅಲ್ವಾ? ಹಾಗಾದರೆ ಡಾಕ್ಯುಮೆಂಟರಿಯನ್ನೇ ಮಾಡಬಹುದಿತ್ತು. ಡಿಯೋಪ್ ಅವರ ಕೈ ಪಳಗಿದ್ದೂ ಅದರಲ್ಲೇ.

ಪುಸ್ತಕದಹುಳು: ಹೇಗೆ ಮಾಡೋದು? ಫ್ರಾನ್ಸಿನ ಕೋರ್ಟುಗಳಲ್ಲಿ ಸಾಮಾನ್ಯವಾಗಿ ಕ್ಯಾಮೆರಾ ಬಿಡುವುದಿಲ್ಲ. 2016ರ ಆ ವಿಚಾರಣೆಗೆ ಡಿಯೋಪ್ ಹೋಗಿ ಕೂತಿದ್ದರು. ಅಲ್ಲಿಂದಲೇ ರಮಾ ಪಾತ್ರ ಹುಟ್ಟಿದ್ದು: ಬಸುರಿ ಲೇಖಕಿ, ವಿಚಾರಣೆ ಕೇಳುತ್ತಾ ಕೇಳುತ್ತಾ ತನ್ನ ಅಮ್ಮನನ್ನು ನೆನೆಯುವವಳು. ನನಗೆ ಚುಚ್ಚಿದ್ದು ಲಾರೆನ್ಸ್‌ಗೆ ಪಾಠ ಮಾಡಿದ ಪ್ರೊಫೆಸರ್ ಹೇಳುವ ಸಾಕ್ಷಿ. ಆಫ್ರಿಕಾದ ಹುಡುಗಿಗೆ ಯುರೋಪಿನ ತತ್ವಜ್ಞಾನಿ ವಿಟ್‌ಗೆನ್‌ಸ್ಟೈನ್ ಯಾಕೆ, ತನ್ನ ಸಂಸ್ಕೃತಿಗೆ ಹತ್ತಿರದ್ದನ್ನು ಓದಬಾರದಿತ್ತಾ ಅನ್ನುವ ಧಾಟಿ. ನಾನು ಹಳ್ಳಿಯಿಂದ ಬಂದು ತತ್ವಶಾಸ್ತ್ರ ತಗೊಂಡಾಗ ಇದೇ ಮಾತು ಕೇಳಿದ್ದೆ. ಹೊಟ್ಟೆಯಲ್ಲಿ ಸಂಕಟವಾಯಿತು.

ಮಳೆಹನಿ: ಸಿನಿಮಾ ನನಗೂ ಇಷ್ಟ. ಆದರೆ ಲಾರೆನ್ಸ್ ಪರ ವಕೀಲೆಯ ಕೊನೆಯ ಭಾಷಣ ಜಾಸ್ತಿ ಆಯಿತು. ತಾಯಿಯ ಜೀವಕೋಶ ಮಗುವಿನಲ್ಲಿ, ಮಗುವಿನದು ತಾಯಿಯಲ್ಲಿ ಉಳಿಯುತ್ತದೆ ಅಂತ ನೇರ ಕ್ಯಾಮೆರಾ ನೋಡುತ್ತಾ ಹೇಳುತ್ತಾಳೆ. ಅಲ್ಲಿವರೆಗೆ ಯಾವುದನ್ನೂ ಬಿಡಿಸಿ ಹೇಳದ ಸಿನಿಮಾ ಅಲ್ಲಿ ಎಲ್ಲವನ್ನೂ ಬಿಡಿಸಿ ಹೇಳಿಬಿಟ್ಟಿತು.

ಕಡಲತಡಿ: ನನಗೆ ಅದು ಬೇಕಿತ್ತು. ಆ ಮಾತು ಕೇಳುವಾಗ ರಮಾಳ ಹೊಟ್ಟೆಯಲ್ಲಿರುವ ಮಗು ನೆನಪಾಯಿತು. ತಾನು ಎಂಥ ತಾಯಿ ಆಗುತ್ತೇನೋ ಅಂತ ಇಡೀ ಸಿನಿಮಾ ಹೆದರಿದವಳು ಅವಳು. ಕೊನೆಗೆ ಅಮ್ಮನ ಪಕ್ಕ ಬಂದು ಕೂರುತ್ತಾಳೆ. ಅದಕ್ಕಿಂತ ದೊಡ್ಡ ಮುಕ್ತಾಯ ಬೇಕಾ?

ಕೊನೆಸಾಲು: ರಮಾಳಿಗೆ ಅಷ್ಟು ಸಾಕು, ಒಪ್ಪಿದೆ. ಪ್ರೊಫೆಸರ್ ದೃಶ್ಯವನ್ನೂ ಇನ್ನೊಂದು ಸಲ ನೋಡುತ್ತೇನೆ. ಆದರೆ ಆ 15 ತಿಂಗಳ ಮಗುವಿನ ಪರವಾಗಿ ನಾನು ತೀರ್ಪಿಗೆ ಕಾಯುತ್ತಾ ಕೂತಿದ್ದೆ.